ಸುಬಿಯೊಂದೋ ಮನೆಯ ಲಾಂಛನ

ದೋನ್ ಉರ್ಬಾನೋ ಸುಬಿಯೊಂದೋ ಮೆಕ್ಸಿಕೋದಿಂದ ಹನ್ನೊಂದು ಹೇಸರಗತ್ತೆಗಳ ಮೇಲೆ ಬೆಳ್ಳಿ ಹೇರಿಕೊಂಡು ನವಾರಾದ ನಮ್ಮ ಕಣಿವೆಗೆ ವಾಪಸು ಬಂದವನೇ ಮೊದಲು ಮಾಡಿದ ಕೆಲಸವೆಂದರೆ ತನ್ನ ಮನೆಯ ಮುಂಬಾಗಿಲನ್ನು ಕೀಳಿಸಿದ್ದು. ಬಾಗಿಲು ಗಿಡ್ಡವಾಯಿತಂತೆ. ಹದಿನೇಳು ವರ್ಷದವನಿದ್ದಾಗ ಅದೇ ಬಾಗಿಲಿನಿಂದ ತಲೆ ತಗ್ಗಿಸದೆ ಆಚೆ ಹೋಗಿದ್ದವನು, ನಲವತ್ತಕ್ಕೆ ಅದೆಷ್ಟು ಎತ್ತರವಾಗಿದ್ದನೋ ದೇವರೇ ಬಲ್ಲ. ಹೊಸ ಬಾಗಿಲು ಬೇಕು, ಅದರ ಮೇಲೆ ಎರಡಾಳುದ್ದದ ಮನೆತನದ ಲಾಂಛನ ಬೇಕು, ಅದನ್ನು ನನ್ನ ಗಂಡ ಕೆತ್ತಿ ಕೊಡಬೇಕು ಎಂದು ಹೇಳಿಕಳಿಸಿದ.

ನಮ್ಮ ಕಡೆ ಮನೆಯ ಹೆಸರೇ ಅದರಲ್ಲಿ ಇರುವವರ ಹೆಸರು. ಸುಬಿಯೊಂದೋ ಎಂದರೆ ಸೇತುವೆಯ ಪಕ್ಕದ್ದು ಎಂದರ್ಥ. ಆ ಮನೆಯಲ್ಲಿ ಹುಟ್ಟಿದವನೂ ಸುಬಿಯೊಂದೋ, ಅಲ್ಲಿಗೆ ಮದುವೆಯಾಗಿ ಬಂದವನೂ ಸುಬಿಯೊಂದೋ. ಮನೆ ಕಳೆದುಕೊಂಡವನ ಹೆಸರು ಅಲ್ಲಿಗೇ ಮುಗಿಯಿತು.

ನಮಗೆ ಮನೆಹೆಸರು ಇಲ್ಲ. ನಾವು ಅಗೋತೆಗಳು, ಸೇತುವೆಯ ಆಚೆ ದಡದವರು. ಚರ್ಚಿನ ಪುಸ್ತಕದಲ್ಲಿ ನಾನು 'ಗ್ರಾಶಿಯಾನಾ, ಅಗೋತೆ', ಅಷ್ಟೇ. ನಾವು ಯಾವ ತಪ್ಪಿಗೆ ಅಗೋತೆಗಳಾದೆವು ಎಂದು ಕೇಳಿದರೆ ಒಬ್ಬ ನಮ್ಮ ಹಿರಿಯರಿಗೆ ಕುಷ್ಠವಿತ್ತು ಎನ್ನುತ್ತಾನೆ, ಇನ್ನೊಬ್ಬ ಯೇಸುವಿನ ಶಿಲುಬೆಗೆ ಮರ ಕೊಯ್ದ ಬಡಗಿಯ ಸಂತಾನ ಎನ್ನುತ್ತಾನೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ, ಯಾರಿಗೂ ಅನುಮಾನವೂ ಇಲ್ಲ. ಚರ್ಚಿಗೆ ನಾವು ಪಕ್ಕದ ತಗ್ಗು ಬಾಗಿಲಿನಿಂದ ಬಗ್ಗಿ ಹೋಗಬೇಕು. ಪಾದ್ರಿ ಪ್ರಸಾದದ ರೊಟ್ಟಿಯನ್ನು ನಮಗೆ ಕವೆಗೋಲಿನ ತುದಿಗೆ ಸಿಕ್ಕಿಸಿ ಚಾಚುತ್ತಾನೆ. ನಾವು ಮುಟ್ಟಿದ ನೀರು ಮೈಲಿಗೆ. ಆದರೆ ಕಲ್ಲಿಗೆ ಮೈಲಿಗೆ ಇಲ್ಲ! ಈ ಕಣಿವೆಯ ಒಂದೊಂದು ದೊಡ್ಡ ಮನೆಯ ಲಾಂಛನವನ್ನೂ ಕೆತ್ತಿದ್ದು ನಮ್ಮವರೇ.

ನನ್ನ ಗಂಡ ಬೆರ್ನಾತ್ ಅವರಲ್ಲೆಲ್ಲ ಒಳ್ಳೆಯ ಕೈ ಇದ್ದವನು. ಇದನ್ನು ಹೆಂಡತಿಯ ಮಾತು ಎಂದು ಬಿಡಬೇಡಿ; ಪಾಂಪ್ಲೋನಾದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಮಾತು ಕಡಿಮೆ, ಕೋಪ ಇಲ್ಲವೇ ಇಲ್ಲ. ಆ ಕೋಪದ ಪಾಲನ್ನೂ ದೇವರು ನನಗೇ ಕೊಟ್ಟಿದ್ದ.

ಹಳೇ ಬಾಗಿಲ ಮೇಲಿನ ಅಡ್ಡಗಲ್ಲನ್ನು ಇಳಿಸಿದ ದಿನ ಬೆರ್ನಾತ್ ಅದನ್ನು ಗಾಡಿಯಲ್ಲಿ ಮನೆಗೆ ತಂದ. ಎಸೆದುಬಿಡು ಎಂದು ದೋನ್ ಉರ್ಬಾನೋ ಹೇಳಿದ್ದನಂತೆ. ಊರಿಗೆಲ್ಲ ಗೊತ್ತಿದ್ದ ಕಲ್ಲು ಅದು. ಬಲಗಡೆ ಎರಡು ಕಮಾನಿನ ಪುಟ್ಟ ಸೇತುವೆ ಕೆತ್ತಿತ್ತು, ಎಡಗಡೆ ಸುಣ್ಣ ಮೆತ್ತಿದ ಖಾಲಿ ಜಾಗ. ಹೊಸ ಲಾಂಛನದಲ್ಲೂ ಕಣಿವೆಯ ಎಲ್ಲ ಕುಲೀನರಿಗೆ ಸಲ್ಲುವ ಕಪ್ಪುಬಿಳುಪು ಚದುರಂಗದ ಮಣೆಯ ಜೊತೆಗೆ ಆ ಸೇತುವೆಯೇ ಬರಬೇಕು, ಅದು ನಮ್ಮ ಮನೆತನದ ಅನಾದಿಕಾಲದ ಗುರುತು ಎಂದು ದೋನ್ ಉರ್ಬಾನೋ ಒತ್ತಿ ಹೇಳಿದ್ದ.

ಅವರೆಕಾಳಿನ ಸಾರು ಬಡಿಸಿಟ್ಟು ಕರೆದರೂ ಬೆರ್ನಾತ್ ಊಟಕ್ಕೆ ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಬ್ಬನೇ ನಗುತ್ತಿದ್ದ.

"ಬಾ ಇಲ್ಲಿ, ಏನಿದು ನೋಡು" ಅಂದ.

ಸುಣ್ಣವನ್ನು ಒಂದು ಅಂಗೈಯಷ್ಟು ಕೆರೆದಿದ್ದ. ಅದರಡಿ ಮೂರು ಬೆರಳು ಕಾಣುತ್ತಿದ್ದವು. ಬಾತುಕೋಳಿಯ ಪಾದ. ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರತಿ ಅಗೋತೆಯೂ ಬಟ್ಟೆಯ ಮೇಲೆ ಕೆಂಪು ಬಾತಿನ ಪಾದ ಹೊಲಿದುಕೊಳ್ಳಬೇಕಿತ್ತು, ಮನೆಯ ಬಾಗಿಲ ಮೇಲೂ ಕೆತ್ತಿಸಿಕೊಳ್ಳಬೇಕಿತ್ತು.

ನನ್ನ ಅತ್ತೆ ಹೇಳುತ್ತಿದ್ದ ಕಥೆ ನೆನಪಾಗಿ ನನ್ನ ಮೈ ಬಿಸಿಯಾಯಿತು. ಸೇತುವೆಯ ಪಕ್ಕದ ಆ ಮನೆ ಒಂದು ಕಾಲಕ್ಕೆ ನಮ್ಮವರ ಹಿಟ್ಟಿನ ಗಿರಣಿ. ಪ್ಲೇಗಿನ ವರ್ಷ ಎಲ್ಲಿಂದಲೋ ಬಂದ ಹೇಸರಗತ್ತೆ ಹೊಡೆಯುವವನೊಬ್ಬ ದೊಣ್ಣೆಯವರನ್ನು ಕಟ್ಟಿಕೊಂಡು, ಜ್ವರದಲ್ಲಿ ಮಲಗಿದ್ದವರನ್ನು ಚಾಪೆ ಸಮೇತ ಎಳೆದು ಸೇತುವೆಯಾಚೆ ಹಾಕಿದ. ಮನೆ ಅವನದಾಯಿತು. ಮನೆಯ ಜೊತೆ ಹೆಸರೂ ಅವನದಾಯಿತು. ಚರ್ಚಿಗೆ ಒಂದು ಗಂಟೆ ಮಾಡಿಸಿಕೊಟ್ಟ, ಊರು ಬಾಯಿ ಮುಚ್ಚಿಕೊಂಡಿತು. ಅವನೇ ದೋನ್ ಉರ್ಬಾನೋನ ಅಜ್ಜ.

"ಹಾಗಾದ್ರೆ ಅವನು ಕೊಚ್ಕೊಳ್ಳೋ ಸೇತುವೆ ಗುರುತು ನಮ್ದು! ಸುಬಿಯೊಂದೋ ಅನ್ನೋ ಹೆಸ್ರೂ ನಮ್ದು!" ಅಂದೆ.

"ಮೆಲ್ಲಗೆ ಮಾತಾಡೇ ಮಾರಾಯ್ತಿ" ಅಂದ ಬೆರ್ನಾತ್. "ನಾವು ಕೂತಿರೋ ಈ ನೆಲಾನೂ ಅವನು ಕೊಂಡಾಗಿದೆ. ಬಾಯಿ ಬಿಟ್ರೆ ಬೀದಿಗೆ ಬೀಳ್ತೀವಿ. ಗೊತ್ತಾಯ್ತಲ್ಲ, ನಕ್ಕು ಸುಮ್ನಾಗೋಣ."

ಹಸಿ ಸುಣ್ಣ ಕಲಸಿ ಆ ಮೂರು ಬೆರಳನ್ನು ಮತ್ತೆ ಮುಚ್ಚಿ, ಕಲ್ಲನ್ನು ಹಂದಿಗೂಡಿನ ಮುಂದೆ ಮೆಟ್ಟಿಲಾಗಿ ಹಾಸಿದ. ನನಗೆ ನಗು ಬರಲಿಲ್ಲ. ಆದರೂ ಅವನ ಮಾತಿಗೆ ಸುಮ್ಮನಾದೆ.

ಲಾಂಛನ ಕೆತ್ತಲು ಬೆರ್ನಾತ್‌ಗೆ ಎರಡು ತಿಂಗಳು ಹಿಡಿಯಿತು. ಚದುರಂಗದ ಮಣೆ, ಕೆಳಗೆ ಸೇತುವೆ, ಸೇತುವೆಯ ಕೆಳಗೆ ಹರಿಯುವ ನೀರು. ಆ ನೀರನ್ನು ನೋಡಿದರೆ ಕೈಯಾಡಿಸಬೇಕು ಅನ್ನಿಸುತ್ತಿತ್ತು. ಅದನ್ನು ಮೇಲೇರಿಸುವ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ.

"ದಣಿ, ಹಗ್ಗ ಸವೆದಿದೆ. ಪೇಟೆಯಿಂದ ಹೊಸದು ತರಿಸ್ಬೇಕು, ಎರಡೇ ದಿನ" ಎಂದು ಬೆರ್ನಾತ್ ಟೋಪಿ ತೆಗೆದು ಹೇಳಿದ.

"ಭಾನುವಾರ ಬಿಷಪ್ಪರು ಬರ್ತಾರೆ. ಅವರಿಗೆ ಬೋಳು ಗೋಡೆ ತೋರಿಸ್ಲಾ? ಎತ್ತೋ ಅಗೋತೆ, ನಿನ್ನ ಜೀವಕ್ಕೆ ಹೊಸ ಹಗ್ಗ ಬೇರೆ ಕೇಡು."

ಎತ್ತಿದರು. ರಾಟೆಯ ಹತ್ತಿರ ಹಗ್ಗ ಒಂದೊಂದೇ ಎಳೆ ಬಿಟ್ಟಿತು. ಬೆರ್ನಾತ್ ಕೆಳಗಿದ್ದವನು ತಮ್ಮ ಎಸ್ತೆಬೆಯನ್ನು ಪಕ್ಕಕ್ಕೆ ತಳ್ಳಿದ. ತಾನು ಸರಿಯಲು ಹೊತ್ತು ಸಾಲಲಿಲ್ಲ. ಕಲ್ಲು ಅವನ ಎದೆಯ ಮೇಲೆ ಬಂತು.

ದೋನ್ ಉರ್ಬಾನೋ ಓಡಿ ಬಂದ. ಮಂಡಿಯೂರಿ ಕೂತ. ಎರಡೂ ಕೈಯಿಂದ ಕಲ್ಲನ್ನು ಸವರಿದ.

"ಬಿರುಕು ಬಿಟ್ಟಿಲ್ಲ ತಾನೇ?" ಎಂದು ಕೇಳಿದ.

ಅದು ಬೆರ್ನಾತ್‌ನ ಮೈ ಮೇಲೆ ಇನ್ನೂ ಇತ್ತು. ಅವನು ಇನ್ನೂ ಉಸಿರಾಡುತ್ತಿದ್ದ. ಎಲ್ಲರೂ ಸೇರಿ ಕಲ್ಲನ್ನು ಪಕ್ಕಕ್ಕೆ ಉರುಳಿಸುವ ಹೊತ್ತಿಗೆ ಆ ಉಸಿರೂ ನಿಂತಿತ್ತು. ಆಮೇಲೆ ದೋನ್ ಉರ್ಬಾನೋ ತನ್ನ ಆಳುಗಳಿಗೆ ಕಲ್ಲು ತೊಳೆಯಲು ಹೇಳಿದ. ಅಗೋತೆಯ ರಕ್ತ ಮುಟ್ಟುವುದಿಲ್ಲ ಎಂದು ಅವರು ಹಿಂದೆ ಸರಿದರು. ಅವನು ಸುತ್ತಲೂ ನೋಡಿ ನನ್ನ ಕಡೆ ಬೆರಳು ಮಾಡಿದ.

"ಇವಳಿದಾಳಲ್ಲ. ಏ, ಮೂರು ಸಲ ತೊಳಿ. ಚದುರಂಗದ ಸಂದೀಲಿ ಕಲೆ ನಿಲ್ಲಬಾರದು."

ನಾನು ತೊಳೆದೆ. ಯಾಕೆ ತೊಳೆದೆ ಎಂದು ನನ್ನನ್ನು ನಾನೇ ಸಾವಿರ ಸಲ ಬೈದುಕೊಂಡಿದ್ದೇನೆ. ಗಂಡನ ರಕ್ತವನ್ನು ಬೇರೆ ಯಾರೋ ಮೂಗು ಮುಚ್ಚಿಕೊಂಡು ತೊಳೆಯುವುದು ಬೇಡ ಅನ್ನಿಸಿತ್ತೋ ಏನೋ. ಬಕೆಟ್ಟಿನ ನೀರು ಮೂರು ಸಲ ಕೆಂಪಾಗಿ ಅವನ ಅಂಗಳಕ್ಕೆ ಹರಿಯಿತು. ಬುಧವಾರ ಹೊಸ ಹಗ್ಗ ಬಂತು, ಲಾಂಛನ ಮೇಲೇರಿತು, ಬಿಷಪ್ಪರು ನೋಡಿ ಬಹಳ ಮೆಚ್ಚಿಕೊಂಡರು. ಅಂದಿನಿಂದ ನನಗೆ ಬೇಕಾಗಿದ್ದು ಒಂದೇ. ಅವನ ಹೆಸರು ಮಣ್ಣುಪಾಲಾಗಬೇಕು, ಅದನ್ನು ನಾನು ನೋಡಬೇಕು. ಪ್ರಾರ್ಥನೆಗೆ ಕೂತಾಗಲೂ ನಾನು ಬೇಡಿಕೊಂಡದ್ದು ಅದನ್ನೇ. ಪಾದ್ರಿಗೆ ಮಾತ್ರ ಹೇಳಲಿಲ್ಲ.

ಆರು ವರ್ಷ ಕಾದೆ. ದೋನ್ ಉರ್ಬಾನೋಗೆ ಲಾಂಛನ ಸಾಲದಾಯಿತು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸುವ ರಾಜನ ವೀರರ ಪಂಗಡಕ್ಕೆ ಸೇರಬೇಕೆಂದು ಅರ್ಜಿ ಹಾಕಿದ. ಅದಕ್ಕೆ ಅಜ್ಜ ಮುತ್ತಜ್ಜಂದಿರ ತನಕ ರಕ್ತ ಶುದ್ಧವಿರಬೇಕು, ಮನೆತನ ಹಳೆಯದಾಗಿರಬೇಕು. ವಿಚಾರಣೆಗೆ ಮ್ಯಾಡ್ರಿಡ್‌ನಿಂದ ದೋನ್ ಗಾಸ್ಪಾರ್ ಎಂಬ ಅಧಿಕಾರಿಯೊಬ್ಬ ಗುಮಾಸ್ತನ ಜೊತೆ ಬಂದ. ಭಾನುವಾರ ಚರ್ಚಿನ ಮುಂದೆ ಅರ್ಜಿಯನ್ನು ಓದಿಸಿದ: "ಸುಬಿಯೊಂದೋ ಮನೆ ಅನಾದಿಕಾಲದಿಂದ ನಮ್ಮ ಒಂದೇ ವಂಶದ ಕೈಯಲ್ಲಿದೆ, ಒಂದು ದಿನಕ್ಕೂ ಬೇರೆಯವರದ್ದಾಗಿರಲಿಲ್ಲ ಎಂದು ದೇವರ ಮೇಲೆ ಪ್ರಮಾಣ ಮಾಡುತ್ತೇನೆ." ಈ ಮನೆಯ ಹಳಮೆ ಬಲ್ಲವರು ಮೂರು ದಿನದೊಳಗೆ ಬಂದು ಹೇಳಬಹುದು ಎಂದು ಸಾರಿದರು.

ತಗ್ಗು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ ನನಗೆ ಕುಣಿಯುವಷ್ಟು ಖುಷಿಯಾಯಿತು. ಜಂಬದ ಕೋಳಿ ತಾನೇ ತನ್ನ ಕತ್ತನ್ನು ಕಲ್ಲಿನ ಮೇಲೆ ಇಟ್ಟಿತ್ತು. 'ನಮ್ಮಜ್ಜ ಈ ಮನೆ ಪಡೆದುಕೊಂಡ' ಎಂದು ನಿಜ ಹೇಳಿದ್ದರೆ ನಾನು ಅವನ ಕೂದಲನ್ನೂ ಕೊಂಕಿಸಲಾಗುತ್ತಿರಲಿಲ್ಲ. ಹಳಬ ಅನ್ನಿಸಿಕೊಳ್ಳುವ ಆಸೆಗೆ ಸುಳ್ಳು ಪ್ರಮಾಣ ಮಾಡಿದ್ದ.

ಒಂದೇ ತೊಡಕು. ಕಣಿವೆಯ ಕಟ್ಟಳೆಯ ಪ್ರಕಾರ ಏಳು ಜನ ಅಗೋತೆಗಳ ಮಾತು ಒಬ್ಬ ಮನುಷ್ಯನ ಮಾತಿಗೆ ಸಮ. ಆರು ಜನ ಹೇಳಿದರೆ ಯಾರೂ ಏನೂ ಹೇಳಲಿಲ್ಲ ಎಂದೇ ಲೆಕ್ಕ. ಎರಡು ದಿನ ನಮ್ಮ ಓಣಿಯ ಬಾಗಿಲುಗಳನ್ನು ಬಡಿದು ಬೈದು, ಅತ್ತು, ಹಳೆಯದನ್ನೆಲ್ಲ ಎತ್ತಾಡಿ ಐವರನ್ನು ಒಪ್ಪಿಸಿದೆ. ನಾನು ಆರನೆಯವಳು. ಏಳನೆಯವನಾಗಿ ಉಳಿದದ್ದು ನನ್ನ ಮೈದುನ ಎಸ್ತೆಬೆ. ಕಲ್ಲುಕೆಲಸ ಬಿಟ್ಟು ದೋನ್ ಉರ್ಬಾನೋನ ಔತಣಗಳಿಗೆ ತಮಟೆ ಬಾರಿಸಿಕೊಂಡಿದ್ದ.

"ಆಗಲ್ಲ ಅತ್ತಿಗೆ. ನಾಳೆ ಮನೆ ಖಾಲಿ ಮಾಡು ಅಂದ್ರೆ ಹೆಂಡ್ತಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಅಂದ.

"ಅವನ ಮನೇಲಿ ತಿಂದಿರೋ ಕುರಿಮಾಂಸದ ಋಣವೋ?"

"ಹಂಗನ್ಬೇಡಿ. ಅಣ್ಣ ಇದ್ದಿದ್ರೆ ಬೇಡ ಅಂತಿದ್ದ."

"ನಿಮ್ಮಣ್ಣ ಇದ್ದಿದ್ರೆ ನಾನು ನಿನ್ನ ಬಾಗಿಲಿಗೆ ಯಾಕೋ ಬರ್ತಿದ್ದೆ? ಅವತ್ತು ಅವನು ತಳ್ಳಿದ್ದು ನಿನ್ನನ್ನ. ಆಮೇಲೆ ಆರು ವರ್ಷ ನೀನು ಬದುಕಿದ್ದೀಯಲ್ಲ, ಅದರಲ್ಲಿ ಒಂದು ಬೆಳಗ್ಗೆ ಕೇಳ್ತಿದೀನಿ. ಒಂದೇ ಬೆಳಗ್ಗೆ."

ಎಸ್ತೆಬೆ ನನ್ನ ಹಿಂದೆಯೇ ಬಂದ. ಆಮೇಲೆ ಹಂದಿಗೂಡಿನ ಮುಂದಿದ್ದ ಕಲ್ಲನ್ನು ಗಾಡಿಗೆ ಹಾಕಲು ಅವನೇ ಮೊದಲು ಕೈ ಕೊಟ್ಟ.

ಮೂರನೇ ದಿನ ಬೆಳಗ್ಗೆ ಚರ್ಚಿನ ಮುಂದಿನ ಮಾಡಿನ ಕೆಳಗೆ ದೊಡ್ಡ ಮನೆಗಳವರೆಲ್ಲ ಬೆಂಚುಗಳ ಮೇಲೆ ಕೂತಿದ್ದರು. ದೋನ್ ಉರ್ಬಾನೋ ಕಪ್ಪು ಮಖಮಲ್ಲು ಹಾಕಿಕೊಂಡು ನಡುವೆ ಕೂತಿದ್ದ. ನಾವು ಏಳು ಜನ ಮಾಡಿನಾಚೆ, ಬಿಸಿಲಲ್ಲಿ ನಿಂತೆವು. ನಮ್ಮನ್ನು ನೋಡಿ ಕೆಲವರು ಗೊಳ್ಳೆಂದು ನಕ್ಕರು.

"ಏಳು ಜನ ಸೇರಿ ಒಬ್ಬ ಆಗಿದೀರೋ, ಇಲ್ಲ ಯಾರಿಗಾದ್ರೂ ಕೈಕಾಲು ಕಮ್ಮಿ ಇದೆಯೋ?" ಎಂದು ಒಬ್ಬ ಕೂಗಿದ.

ದೋನ್ ಗಾಸ್ಪಾರ್ ಒಣಕಲು ಮನುಷ್ಯ. ಅವನು ನಗಲಿಲ್ಲ. "ಸುಬಿಯೊಂದೋ ಮನೆ ಬಗ್ಗೆ ಏನಮ್ಮ ಹೇಳ್ಬೇಕು?" ಎಂದು ನನ್ನನ್ನು ಕೇಳಿದ.

"ದಣಿಗಳು ಪ್ರಮಾಣ ಮಾಡಿ ಹೇಳಿದ್ದೇ ನಿಜ ಅಂತ ಹೇಳೋಕೆ ಬಂದ್ವಿ ಸ್ವಾಮಿ. ಆ ಮನೆ ಮೊದಲಿಂದ್ಲೂ ಒಂದೇ ವಂಶದ್ದು. ಬೇರೆಯವರ ಕೈಗೆ ಹೋಗೇ ಇಲ್ಲ."

ದೋನ್ ಉರ್ಬಾನೋ ಹುಬ್ಬೇರಿಸಿ ನನ್ನನ್ನು ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಮೆಚ್ಚುಗೆ ಕೂಡ ಸುಳಿಯಿತು.

"ನಿಂಗೆ ಹೇಗೆ ಗೊತ್ತು?" ಎಂದ ದೋನ್ ಗಾಸ್ಪಾರ್.

"ಹಳೇ ಬಾಗಿಲ ಕಲ್ಲು ನಮ್ಮ ಹತ್ರ ಇದೆ ಸ್ವಾಮಿ."

ಉಳಿದ ಆರೂ ಜನ ಕಲ್ಲನ್ನು ಹೊತ್ತು ತಂದು ಅವನ ಕಾಲ ಬಳಿ ಇಳಿಸಿದರು. ಬೆಂಚಿನ ಮೇಲಿದ್ದ ಮುದುಕರು ಬಗ್ಗಿ ನೋಡಿ, ಹೌದು ಹೌದು, ಇದೇ ಸೇತುವೆ, ನಾವು ಚಿಕ್ಕಂದಿನಿಂದ ನೋಡಿದ್ದೇವೆ ಎಂದರು. "ಇದು ನಿಮ್ಮ ಮನೆಯದ್ದೇನಾ?" ಎಂದು ಕೇಳಿದಾಗ ದೋನ್ ಉರ್ಬಾನೋ ಎದೆಯುಬ್ಬಿಸಿ, "ನಮ್ಮದೇ. ಇದೇ ನಮ್ಮ ಲಾಂಛನದ ಮೂಲ" ಎಂದ. ಗುಮಾಸ್ತ ಬರೆದುಕೊಂಡ. ಶಾಯಿ ಆರುವ ತನಕ ನಾನು ಕಾದೆ.

ಆಮೇಲೆ ಬೆರ್ನಾತ್‌ನ ಉಳಿ ತೆಗೆದುಕೊಂಡು ಮಂಡಿಯೂರಿ ಎಡಗಡೆಯ ಸುಣ್ಣ ಕೆರೆಯತೊಡಗಿದೆ. ಆರು ವರ್ಷ ಹಂದಿ ತುಳಿದಿದ್ದ ಸುಣ್ಣ, ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಒಂದು ಬೆರಳು, ಎರಡು ಬೆರಳು, ಮೂರು ಬೆರಳು, ನಡುವಿನ ಪೊರೆ. ಯಾರೂ ನಗಲಿಲ್ಲ. ದೋನ್ ಉರ್ಬಾನೋನ ಎಡಬಲದಲ್ಲಿ ಕೂತಿದ್ದವರು ಬೆಂಚಿನ ಮೇಲೇ ಒಂದಿಷ್ಟು ದೂರ ಸರಿದರು. ಅದನ್ನು ನೋಡಿದಾಗ ನನಗಾದ ಸುಖವನ್ನು ಮುಚ್ಚಿಡಲಾರೆ. ನಾವು ಹುಟ್ಟಿದಂದಿನಿಂದ ನೋಡಿದ ಸರಿಯುವಿಕೆ ಅದು. ಅವನು ಮೊದಲ ಸಲ ನೋಡುತ್ತಿದ್ದ.

"ದೋನ್ ಉರ್ಬಾನೋ, ಕಲ್ಲು ನಿಮ್ಮದು ಅಂದ್ರಿ. ಮನೆ ಯಾವತ್ತೂ ಬೇರೆಯವರದ್ದಾಗಿರ್ಲಿಲ್ಲ ಅಂತ ಪ್ರಮಾಣಾನೂ ಮಾಡಿದೀರಿ" ಎಂದ ದೋನ್ ಗಾಸ್ಪಾರ್.

"ನಾವು ಅಗೋತೆಗಳಲ್ಲ!"

"ಹಾಗಾದ್ರೆ ಈ ಪಾದ ಕೆತ್ತಿದ್ದು ಯಾರು?"

ಎರಡೇ ದಾರಿ ಇದ್ದವು. ವಂಶ ಹಳೆಯದು ಎಂದರೆ ಅವನು ಅಗೋತೆ. ನಾಳೆಯಿಂದ ತಗ್ಗು ಬಾಗಿಲು, ಕವೆಗೋಲಿನ ರೊಟ್ಟಿ. ಅಗೋತೆ ಅಲ್ಲ ಎಂದರೆ ಹೆಸರೂ ಅವನದಲ್ಲ, ಸೇತುವೆಯೂ ಅವನದಲ್ಲ. ಅವನು ನಮ್ಮ ಏಳು ಜನರ ಮುಖ ನೋಡಿದ. ನಮ್ಮ ಹಾಗಾಗುವುದನ್ನು ನೆನೆದೇ ಮಖಮಲ್ಲಿನ ಅಂಚನ್ನು ಮೈಗೆ ಎಳೆದುಕೊಂಡು ಹಿಂದೆ ಸರಿದ. ನನ್ನ ಸೇಡಿಗೆ ಅಸ್ತ್ರವಾದದ್ದು ಅವನ ಅಸಹ್ಯವೇ. ಅದಕ್ಕೆ ನನಗೆ ನಾಚಿಕೆಯಿಲ್ಲ.

"ನಮ್ಮಜ್ಜ ಹೇಸರಗತ್ತೆ ಹೊಡೀತಿದ್ದೋನು!" ಎಂದು ಕಿರುಚಿದ. "ಮನೆ ಇವರದ್ದು. ಇವರಿಂದ ಕಿತ್ಕೊಂಡಿದ್ದು, ಪ್ಲೇಗಿನ ವರ್ಷ. ನಮ್ಮಪ್ಪ ಸಾಯೋವಾಗ ಹೇಳಿದ್ದ. ನಾವು ಹೊರಗಿನವರು! ನಮ್ಮ ರಕ್ತ ಬೇರೆ!"

"ನಿಮ್ಮಜ್ಜನ ಮನೆಹೆಸರು?"

ದೋನ್ ಉರ್ಬಾನೋ ಬೆಂಚಿನ ಮೇಲಿದ್ದ ಮುದುಕರ ಕಡೆ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಅಂತ ಬರ್ಕೋ" ಎಂದ ದೋನ್ ಗಾಸ್ಪಾರ್ ಗುಮಾಸ್ತನಿಗೆ.

ಕೆಂಪು ಶಿಲುಬೆ ಬರಲಿಲ್ಲ. ಕಣಿವೆಯ ಪಂಚಾಯತಿ ಅದೇ ವಾರ ಸೇರಿ, ಹಕ್ಕಿಲ್ಲದವನ ಬಾಗಿಲ ಮೇಲೆ ಕಣಿವೆಯ ಚದುರಂಗ ಇರಕೂಡದು, ಲಾಂಛನವನ್ನು ಉಳಿಯಿಂದ ಕೆತ್ತಿ ಅಳಿಸಬೇಕು ಎಂದು ತೀರ್ಪು ಕೊಟ್ಟಿತು. ನಮಗೆ ಮನೆಯನ್ನು ಹಿಂದಿರುಗಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರುತ್ತದೆಂದು ನಾವೂ ಕಾದಿರಲಿಲ್ಲ. ನಮ್ಮನ್ನು ಓಣಿಯಿಂದ ಓಡಿಸುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ, ರಾಜನ ಕಾಗದದಲ್ಲಿ ನಮ್ಮ ಏಳು ಜನರ ಹೆಸರು ಸೇರಿಹೋಗಿತ್ತು. ಇನ್ನು ಲಾಂಛನ ಅಳಿಸುವ ಕೆಲಸಕ್ಕೆ ಕಲ್ಲುಕುಟಿಗ ಬೇಕು, ಕಲ್ಲುಕುಟಿಗರೆಂದರೆ ನಾವೇ. ಎಸ್ತೆಬೆ ಉಳಿ ಎತ್ತಿಕೊಂಡ. ನಾನು ಕಿತ್ತುಕೊಂಡೆ.

ಮರುದಿನ ಬೆಳಗ್ಗೆ ಸಾರುವೆ ಕಟ್ಟಿಸಿ ನಾನೇ ಹತ್ತಿದೆ. ಐವತ್ತು ದಾಟಿದ ಹೆಂಗಸು ಲಂಗ ಎತ್ತಿ ಕಟ್ಟಿಕೊಂಡು ಏಣಿ ಹತ್ತುವುದನ್ನು ನೋಡಲು ಇಡೀ ಕಣಿವೆ ನೆರೆದಿತ್ತು. ನಮ್ಮವರು ಸೇತುವೆಯ ಆ ತುದಿಯಲ್ಲಿ ನಿಂತಿದ್ದರು. ಆರು ವರ್ಷದ ಮೇಲೆ ಆ ಕಲ್ಲನ್ನು ಹತ್ತಿರದಿಂದ ನೋಡಿದೆ. ಬೆರ್ನಾತ್ ಕೆತ್ತಿದ ನೀರು ಹಾಗೇ ಹರಿಯುತ್ತಿತ್ತು. ಅವನು ಮಾಡಿದ್ದರಲ್ಲೆಲ್ಲ ಇದೇ ಚೆಂದ. ನನ್ನ ಕೈ ಏಳಲಿಲ್ಲ.

ಅದು ಕೆಳಗಿದ್ದ ದೋನ್ ಉರ್ಬಾನೋಗೆ ಗೊತ್ತಾಯಿತು. ಟೋಪಿಯಿಲ್ಲದೆ ಬಾಗಿಲಿಗೆ ಬಂದು ನಿಂತಿದ್ದ.

"ಬೇಡ ಕಣಮ್ಮ" ಎಂದ. ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. "ನಿನ್ನ ಗಂಡನ ಕೈಕೆಲಸ ಅದು. ಅವನ ನೆನಪಿಗಾದ್ರೂ ಬಿಡು. ಸುಣ್ಣ ಮೆತ್ತಿಸ್ತೀನಿ, ಪಂಚಾಯತಿಯವರು ಒಪ್ತಾರೆ."

"ನನ್ನ ಗಂಡನ ಹೆಸರು ಹೇಳಿ. ಇಳಿದು ಬರ್ತೀನಿ" ಅಂದೆ.

"ಏನು?"

"ಅವನಿಗೊಂದು ಹೆಸರಿತ್ತು. ಎರಡು ತಿಂಗಳು ನಿಮ್ಮ ಅಂಗಳದಲ್ಲಿ ಕೆಲಸ ಮಾಡ್ದ, ಅಲ್ಲೇ ಸತ್ತ. ಹೇಳಿ."

"ಹುಆನ್" ಎಂದ.

ಸುತ್ತಿಗೆ ಎತ್ತಿ ಮೊದಲ ಪೆಟ್ಟು ಹೊಡೆದೆ. ಚದುರಂಗದ ಒಂದು ಮನೆ ಹಾರಿ ಅವನ ಕಾಲ ಬಳಿ ಬಿತ್ತು.

"ತಡಿ, ತಡಿ! ಮಿಗೆಲ್."

ಇನ್ನೊಂದು ಪೆಟ್ಟು.

"ಪೆದ್ರೋ. ಅಲ್ವಾ? ಸಾಂಚೋ? ಮಾರ್ಟಿನ್?"

ಒಂದೊಂದು ಹೆಸರಿಗೂ ಒಂದೊಂದು ಪೆಟ್ಟು ಕೊಟ್ಟೆ. ಎಲ್ಲಾದರೂ ಸರಿಯಾಗಿ ಹೇಳಿಬಿಟ್ಟರೆ ಕೊಟ್ಟ ಮಾತಿನಂತೆ ನಾನು ಇಳಿಯಬೇಕಿತ್ತು. ಅವನು ತಿರುಗಿ ನೆರೆದವರನ್ನು ಗೋಗರೆದ. "ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಪ್ಪಾ!" ಅವರಲ್ಲಿ ಅರ್ಧ ಜನರ ಮನೆಗೆ ಬೆರ್ನಾತ್ ಬಾಗಿಲು ಕೆತ್ತಿಕೊಟ್ಟಿದ್ದ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾದ್ರಿ ಅವನ ಶವಕ್ಕೆ ಮಂತ್ರ ಹೇಳಿದ್ದವನು, ಅವನೂ ತಲೆ ಕೆರೆದುಕೊಂಡ. ಸೇತುವೆಯ ಆ ತುದಿಯಲ್ಲಿ ಎಸ್ತೆಬೆಯೂ ನಮ್ಮವರೂ ತುಟಿ ಬಿಗಿದು ನಿಂತಿದ್ದರು.

"ಬೆ..." ಎಂದು ಶುರುಮಾಡಿದ ದೋನ್ ಉರ್ಬಾನೋ. ನನ್ನ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಬೆಲ್ತ್ರಾನ್!"

ಹೊಡೆದೆ. ಸೇತುವೆಯ ಒಂದು ಕಮಾನು ಮುರಿದು ಬಿತ್ತು. ಆಮೇಲೆ ಅವನಿಗೆ ಹೆಸರುಗಳು ಮುಗಿದವು. ನಾನು ನಿಲ್ಲಿಸಲಿಲ್ಲ. ನೀರು ಕೊನೆಗೆ ಉಳಿದಿತ್ತು; ಅದನ್ನೂ ಕಣ್ಣು ಮುಚ್ಚದೆ, ಒಂದೊಂದೇ ಅಲೆಯಾಗಿ ತೆಗೆದೆ.